ಗೈರುಹಾಜರಾದವರ ಫುಟ್‌ಬಾಲ್ ಚರಿತ್ರೆ

ಮಾನ್ಯ ಓದುಗರ ಗಮನಕ್ಕೆ ಮೊದಲಾಗಿ ತರಬೇಕಾದ ವಿಷಯವೇನೆಂದರೆ, ರಜಾ ಅರ್ಜಿಯ ಹೊರತಾಗಿ ಬೇರೇನನ್ನೂ ಸ್ವಂತವಾಗಿ ಬರೆದ ಅಭ್ಯಾಸ ನನಗಿಲ್ಲ. ಪಂಚಾಯತ್ ಕಚೇರಿಯ ಗುಮಾಸ್ತನಾದ್ದರಿಂದ ದಿನವೂ ಬರೆಯುತ್ತೇನೆ, ನಿಜ. ಆದರೆ ಅಲ್ಲಿ ಬರೆಯುವುದು ಕಚೇರಿ, ನಾನಲ್ಲ. ಈ ಪ್ರಬಂಧವನ್ನು ಮೂರು ಸಲ ಆರಂಭಿಸಿದೆ. ಮೂರು ಸಲವೂ ಕೈ ತಾನಾಗಿಯೇ ಎಡಗಡೆಯಲ್ಲಿ ‘ಇಂದ’ ಎಂದೂ ಅದರ ಕೆಳಗೆ ‘ಇವರಿಗೆ’ ಎಂದೂ ಬರೆದುಬಿಟ್ಟಿತು. ‘ಇವರಿಗೆ’ ಎಂದಾದ ಮೇಲೆ ಯಾರಿಗೆ ಎಂಬುದು ತಿಳಿಯದೆ, ಪೆನ್ನು ಕೆಳಗಿಟ್ಟು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ. ಈಗ ನಾಲ್ಕನೆಯ ಸಲ ತಮ್ಮನ್ನೇ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ಮೂಡುಬಿದಿರೆಯಿಂದ ಬಂಟ್ವಾಳದ ಕಡೆಗೆ ಹೋಗುವ ರಸ್ತೆಯಲ್ಲಿ, ಬಸ್ಸು ನಿಲ್ಲಿಸಿದರೂ ನಿಲ್ಲಿಸದಿದ್ದರೂ ಯಾರೂ ಬೇಸರಿಸದಂಥ ಊರು ನಮ್ಮದು. ಇಂಥ ಊರಿಗೂ ಒಂದು ಫುಟ್‌ಬಾಲ್ ಸಂಘವುಂಟು. ಕೊಯ್ಲು ಮುಗಿದ ಗದ್ದೆಯಲ್ಲಿ, ಕೂಳೆ ಕಾಲಿಗೆ ಚುಚ್ಚುವಾಗಲೇ ಆಡಲು ತೊಡಗಿದವರು ಅದನ್ನು ಕಟ್ಟಿದರು. ಅದರ ಮೊದಲ ಕಾರ್ಯದರ್ಶಿ ನೇಮಿರಾಜ ಹೆಗ್ಡೆಯವರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಜೀವಮಾನದಲ್ಲಿ ಒಮ್ಮೆಯೂ ಚೆಂಡನ್ನು ಒದ್ದವರಲ್ಲ. ತಾನಾಗಿ ಕಾಲ ಬಳಿಗೆ ಉರುಳಿ ಬಂದರೂ ಕೈಯಲ್ಲೆತ್ತಿ, ಧೂಳು ಒರೆಸಿ ಹಿಂದಿರುಗಿಸುತ್ತಿದ್ದರಂತೆ. ಸಂಘಕ್ಕೆ ಅವರು ಕೊಟ್ಟ ಕೊಡುಗೆ ಒಂದು ನಿಯಮ: ಆದಿತ್ಯವಾರದ ಆಟಕ್ಕೆ ಬರಲಾಗದ ಆಟಗಾರನು ಶನಿವಾರ ಸಂಜೆಯೊಳಗೆ ಲಿಖಿತ ರಜಾ ಅರ್ಜಿ ಸಲ್ಲಿಸತಕ್ಕದ್ದು. ಸಲ್ಲಿಸದೆ ತಪ್ಪಿಸಿಕೊಂಡವನು ಮುಂದಿನ ಆದಿತ್ಯವಾರ ಗೆರೆಯ ಹೊರಗೆ ಕೂರತಕ್ಕದ್ದು.

ಅರ್ಜಿಗಳಿಗಾಗಿ ಅವರು ಹಸಿರು ಬಟ್ಟೆಯ ರಟ್ಟಿನ ಕಡತವೊಂದನ್ನು ತೆರೆದರು. ಆಟದ ಫಲಿತಾಂಶವನ್ನಾಗಲಿ ಗೋಲು ಹೊಡೆದವರ ಹೆಸರನ್ನಾಗಲಿ ಬರೆದಿಡಲಿಲ್ಲ. ಯಾರೋ ಕೇಳಿದ್ದಕ್ಕೆ, “ಗೋಲು ಆದದ್ದು ಎಲ್ಲರಿಗೂ ಕಾಣ್ತದೆ. ಬಾರದವನು ಕಾಣುವುದಿಲ್ಲ. ಕಾಣದ್ದನ್ನಲ್ಲವಾ ಬರೆದಿಡಬೇಕಾದ್ದು?” ಎಂದರಂತೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಈ ವಾದದಲ್ಲಿ ಇಂದಿಗೂ ಒಂದು ತಪ್ಪು ಸಿಕ್ಕಿಲ್ಲ. ಹಾಗಾಗಿ ನಮ್ಮ ಸಂಘಕ್ಕೆ ಇರುವ ಏಕೈಕ ಚರಿತ್ರೆ, ಬಾರದವರ ಚರಿತ್ರೆ.

ಪ್ರಸಂಗವಶಾತ್ ಇನ್ನೊಂದು ಮಾತು. ಹೆಗ್ಡೆಯವರು ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕಿತ್ತು. ಕಾರ್ಯದರ್ಶಿಯಿಲ್ಲದೆ ಆಟ ನಡೆಯುವುದು ನಿಯಮಬಾಹಿರ. ಆದ್ದರಿಂದ ನಮ್ಮೂರಿನಲ್ಲಿ ಆಟದ ಉತ್ತರಾರ್ಧವು ಪೂರ್ವಾರ್ಧಕ್ಕಿಂತ ಯಾವಾಗಲೂ ಚಿಕ್ಕದಾಗಿರುತ್ತಿತ್ತು. ಚಳಿಗಾಲದಲ್ಲಿ ಇನ್ನಷ್ಟು ಚಿಕ್ಕದು. ಕಕ್ಕಿಂಜೆಯಿಂದ ಬಂದ ತಂಡವೊಂದು ಇದನ್ನು ಪ್ರತಿಭಟಿಸಿತು. ಹೆಗ್ಡೆಯವರು ಪ್ರತಿಭಟನೆಯನ್ನು ಲಿಖಿತವಾಗಿ ಕೊಡಲು ಸೂಚಿಸಿದರು. ಅವರು ಬರೆದು ಮುಗಿಸುವಷ್ಟರಲ್ಲಿ ಸೂರ್ಯ ಮುಳುಗಿದ್ದ.

ಹೆಗ್ಡೆಯವರ ನಂತರ ಬಸ್ ಕಂಡಕ್ಟರರೊಬ್ಬರು ಕಾರ್ಯದರ್ಶಿಯಾದರು. ಅವರ ಕಾಲದ ಅರ್ಜಿಗಳಲ್ಲಿ ಬಹುಪಾಲು ಟ್ರಿಪ್‌ ಶೀಟಿನ ಹಿಂಬದಿಯಲ್ಲಿವೆ. ಆಮೇಲೆ ಬಂದವರು ಶಾಲೆಯ ಹೆಡ್‌ಮಾಸ್ತರರು. ಅವರು ಅರ್ಜಿಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಲವಕ್ಕೆ ‘ಪುನಃ ಬರೆ’ ಎಂದು ಷರಾ ಹಾಕಿದ್ದಾರೆ. ಅವರ ನಂತರ ನಾನು. ಈಗಿನ ಆಟಗಾರರು ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರವೊಂದನ್ನು ಕಳುಹಿಸಿ ಸುಮ್ಮನಾಗುತ್ತಾರೆ. ಅದನ್ನು ನಾನೇ ಕುಳಿತು, ‘ಅನಿವಾರ್ಯ ಕಾರಣಗಳಿಂದ’ ಎಂದು ವಿಸ್ತರಿಸಿ ಬರೆದು ಕಡತಕ್ಕೆ ಸೇರಿಸುತ್ತೇನೆ.

ಆ ಕಡತದಲ್ಲಿ ಏನುಂಟು, ಏನಿಲ್ಲ! ಶಿರ್ತಾಡಿಯಲ್ಲಿ ಸೋದರಮಾವನ ಮಗಳ ಮದುವೆ. ಉಜಿರೆಯಲ್ಲಿ ಪರೀಕ್ಷೆ. ‘ನನ್ನ ಬೂಟನ್ನು ತಮ್ಮನು ಹಾಕಿಕೊಂಡು ಕಾರ್ಕಳಕ್ಕೆ ಹೋಗಿರುವುದರಿಂದ.’ ‘ನಾಯಿ ಕಚ್ಚಿದ್ದು, ನಾಯಿಯನ್ನು ಹತ್ತು ದಿನ ಗಮನಿಸಬೇಕಾಗಿರುವುದರಿಂದ.’ ಮುಂಚೂಣಿಯಲ್ಲಿ ಆಡುತ್ತಿದ್ದ ಒಬ್ಬನು ದುಬೈ ತಲುಪಿ, ಅಲ್ಲಿಂದ ವಿಮಾನದಂಚೆಯಲ್ಲಿ ಅರ್ಜಿ ಹಾಕಿದ್ದಾನೆ: ಮುಂದಿನ ಎರಡು ವರ್ಷಗಳ ಎಲ್ಲ ಆದಿತ್ಯವಾರಗಳಂದು ಹಾಜರಾಗಲು ಅಸಾಧ್ಯವೆಂದು. ಅದರ ಮೇಲೆ ಹೆಗ್ಡೆಯವರ ದುಂಡಗಿನ ಅಕ್ಷರ: ‘ಮಂಜೂರು. ಹಿಂದಿರುಗಿದ ಕೂಡಲೇ ಹಾಜರಾಗತಕ್ಕದ್ದು.’ ಅವನು ಹಿಂದಿರುಗಿ ಹಾಜರಾದನೋ ಇಲ್ಲವೋ ಕಡತಕ್ಕೆ ತಿಳಿದಿಲ್ಲ. ಬಂದವರ ಬಗ್ಗೆ ಅದು ಬರೆಯುವುದಿಲ್ಲವಲ್ಲ.

ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ: ಕಡತದಲ್ಲಿ ಅತಿ ಹೆಚ್ಚು ಅರ್ಜಿಗಳಿರುವುದು ನನ್ನವು. ಹತ್ತೊಂಬತ್ತು. ನಾನು ನಿಜವಾಗಿ ಆಡಿದ ಪಂದ್ಯಗಳು ಅಷ್ಟಿರಲಾರವು. ಮುಂದೊಂದು ಕಾಲದಲ್ಲಿ ಯಾರಾದರೂ ಸಂಶೋಧಕರು ಈ ಕಡತವನ್ನೇ ಆಧಾರವಾಗಿಟ್ಟುಕೊಂಡರೆ, ಈ ಸಂಘವು ನಿಂತದ್ದೇ ನನ್ನ ಬಲದಿಂದ ಎಂದು ತೀರ್ಮಾನಿಸುವುದರಲ್ಲಿ ಸಂದೇಹವಿಲ್ಲ.

ಇಷ್ಟು ಪೀಠಿಕೆಯ ನಂತರ, ನನ್ನಿಂದ ಈ ಪ್ರಬಂಧವನ್ನು ಬರೆಸುತ್ತಿರುವ ಸಂಗತಿಗೆ ಬರುತ್ತೇನೆ. ಇತ್ತೀಚೆಗೆ ಸಂಘಕ್ಕೆ ಹೊಸ ಕೋಣೆಯಾಯಿತು. ಅದರ ಗೋಡೆಗೆ ಸಂಘದ ಎಲ್ಲ ಪದಾಧಿಕಾರಿಗಳ ಮತ್ತು ಆಟಗಾರರ ಹೆಸರಿರುವ ಫಲಕವೊಂದನ್ನು ಹಾಕುವುದೆಂದು ನಿರ್ಧಾರವಾಯಿತು. ಅಧ್ಯಕ್ಷರು ಸದಾನಂದ ಶೆಟ್ಟರು. ಪೇಟೆಯಲ್ಲಿ ಹೋಟೆಲು ನಡೆಸುತ್ತಾರೆ, ಹಿಂದೆ ಬಲಗಡೆಯ ಹಿಂಭಾಗ ಕಾಯುವ ರೈಟ್ ಬ್ಯಾಕ್ ಆಗಿದ್ದವರು. ಫಲಕದ ಸುದ್ದಿ ಹರಡಿದ ವಾರದೊಳಗೆ ಊರಿನಲ್ಲಿ ಆಟಗಾರರ ಸಂಖ್ಯೆ ಇಮ್ಮಡಿಯಾಯಿತು. ಗದ್ದೆಯ ಬದುವಿನಲ್ಲಿ ನಿಂತು ಬೊಬ್ಬೆ ಹೊಡೆದವರು, ತೋಡಿಗೆ ಬಿದ್ದ ಚೆಂಡನ್ನು ಹೆಕ್ಕಿಕೊಟ್ಟವರು, ಎಲ್ಲರೂ ಹೋಟೆಲಿಗೆ ಬಂದು ಶೆಟ್ಟರ ಗಲ್ಲೆಯ ಎದುರು ನಿಲ್ಲತೊಡಗಿದರು.

“ಒಂದು ರೂಲ್ಸ್ ಮಾಡು ಮಾರಾಯ, ನನಗೆ ಚಾ ಮಾರ್ಲಿಕ್ಕೆ ಬಿಡ್ತಾ ಇಲ್ಲ ಇವರು,” ಎಂದರು ಶೆಟ್ಟರು.

ನಾನು ನಿರ್ಣಯವನ್ನು ಬರೆದೆ: ‘ಸಂಘದ ಕಡತದಲ್ಲಿ ಲಿಖಿತ ದಾಖಲೆ ಇರುವ ಆಟಗಾರರ ಹೆಸರುಗಳನ್ನು ಮಾತ್ರ ಫಲಕದಲ್ಲಿ ಬರೆಸತಕ್ಕದ್ದು.’ ಸರ್ವಾನುಮತದಿಂದ ಅಂಗೀಕಾರವಾಯಿತು. ನನ್ನ ವಾಕ್ಯವೊಂದಕ್ಕೆ ಸಭೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಕಡತದಿಂದ ಹೆಸರುಗಳನ್ನು ಹೆಕ್ಕಿ, ಮೂರು ಸಲ ತಾಳೆ ನೋಡಿ, ಪಟ್ಟಿಯನ್ನು ಪೈಂಟರನಿಗೆ ಕೊಟ್ಟೆ. ಕೊಟ್ಟ ಕ್ಷಣದಿಂದ ಒಂದೇ ಅನುಮಾನ: ಏನೋ ತಪ್ಪಿದೆ. ಏನೆಂದು ತಿಳಿಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದೆ, ಹಿಂದಿರುಗಿದೆ, ಮತ್ತೆ ನಡೆದೆ.

ಮೂರನೆಯ ಸಲ ಹಿಂದಿರುಗುವಾಗ ಗದ್ದೆಯ ಮೂಲೆಯ ಟೈಲರ್ ಅಂಗಡಿಯಿಂದ ಕರೆ ಬಂತು. “ಏನು ಸೆಕ್ರೆಟ್ರಿಯವರೇ, ಬಸ್ಸಿಗೆ ಕಾಯುವುದಾ, ಬಸ್ಸನ್ನು ಓಡಿಸುವುದಾ? ಬೋರ್ಡಿನಲ್ಲಿ ನನ್ನ ಹೆಸರು ಎಷ್ಟನೆಯದ್ದು?”

ಕರೆದವರು ಸಂತಾನ್ ಪೊರ್ಬುಗಳು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳೆನ್ನುತ್ತೇವೆ. ಸಂಘ ಹುಟ್ಟಿದಂದಿನಿಂದ ಮೊಣಕಾಲು ಕೈಕೊಡುವವರೆಗೆ ನಮ್ಮ ತಂಡದ ಲೆಫ್ಟ್ ಬ್ಯಾಕ್ ಅವರೇ. ಸೀಟಿ ಕೇಳಿದೊಡನೆ ಹೊಲಿಗೆ ಯಂತ್ರದಿಂದ ಎದ್ದು, ಅಳತೆಯ ಟೇಪನ್ನು ಕೊರಳಿನಲ್ಲಿ ಬಿಟ್ಟುಕೊಂಡೇ ಗದ್ದೆಗಿಳಿಯುತ್ತಿದ್ದರು. ಅವರು ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ತಮ್ಮ ಮದುವೆಯ ದಿನವೂ ಆಡಿದ್ದಾರೆ. “ಮದುವೆ ಬೆಳಿಗ್ಗೆ, ಮ್ಯಾಚ್ ಸಂಜೆ. ಇದರಲ್ಲಿ ರಜೆ ಯಾಕೆ?” ಎಂಬುದು ಅವರ ವಾದ. ಅವರ ಪತ್ನಿಯ ವಾದವನ್ನು ಯಾರೂ ಕೇಳಿದಂತಿಲ್ಲ.

ತಪ್ಪಿಸದವರಿಗೆ ಅರ್ಜಿಯಿಲ್ಲ. ಅರ್ಜಿಯಿಲ್ಲದವರಿಗೆ ಕಡತದಲ್ಲಿ ಹೆಸರಿಲ್ಲ. ಪಟ್ಟಿಯಲ್ಲಿ ತಪ್ಪಿದ್ದು ಇದೇ. ಉಳಿದವರೆಲ್ಲ ಒಮ್ಮೆಯಾದರೂ ತಪ್ಪಿಸಿ ಬಚಾವಾಗಿದ್ದರು. ಪೂರ್ತಿ ಬಂದ ಒಬ್ಬರೇ ಒಬ್ಬರು ಪಟ್ಟಿಯಿಂದ ಹೊರಗುಳಿದಿದ್ದರು. ಪೊರ್ಬುಗಳಿಗೆ ಏನು ಉತ್ತರಿಸಿದೆನೋ ನೆನಪಿಲ್ಲ. ಬಹುಶಃ ‘ಪರಿಶೀಲನೆಯಲ್ಲಿದೆ’ ಎಂದಿರಬೇಕು.

ಹೋಟೆಲಿಗೆ ಓಡಿದೆ. ಶೆಟ್ಟರು ತಲೆ ಕೆರೆದುಕೊಂಡರು. “ಅವರು ಆಡಿದ್ದು ನನಗೆ ಗೊತ್ತಿಲ್ಲವಾ? ಆದರೆ ಒಬ್ಬರನ್ನು ಬಾಯಿಮಾತಿನಲ್ಲಿ ಸೇರಿಸಿದರೆ ನಾಳೆ ಇಡೀ ಊರು ಇಲ್ಲಿ ಬಂದು ಕೂತ್ಕೊಳ್ತದೆ. ರೂಲ್ಸ್ ಬರೆದದ್ದು ಯಾರು?”

“ನಾನೇ.”

“ಹಾಗಾದರೆ ದಾರಿಯನ್ನೂ ನೀನೇ ಹುಡುಕು.”

ನಾನು ಹುಡುಕಿದ ದಾರಿಯನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಮಾರನೆಯ ದಿನ ಪೊರ್ಬುಗಳ ಅಂಗಡಿಗೆ ಹೋಗಿ, ವಿಷಯವನ್ನೆಲ್ಲ ಹೇಳಿ, ಹಳೆಯ ದಿನಾಂಕ ಹಾಕಿ ಒಂದೇ ಒಂದು ರಜಾ ಅರ್ಜಿ ಬರೆದುಕೊಡುವಂತೆ ಕೇಳಿದೆ.

ಅವರು ಯಂತ್ರ ನಿಲ್ಲಿಸಿದರು. “ಯಾವ ದಿನದ್ದು?”

“ಯಾವುದಾದರೂ ಆಗ್ತದೆ.”

“ಯಾವ ದಿನವೂ ನಾನು ಇದ್ದೆನಲ್ಲ ಮಾರಾಯ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ಇದ್ದವನು ಇರಲಿಲ್ಲ ಅಂತ ಬರೆದುಕೊಟ್ಟರೆ ಮಾತ್ರ ಇದ್ದ ಅಂತ ಆಗುವುದಾ? ಇದು ಯಾವ ಊರಿನ ಲೆಕ್ಕ? ಬೇಡ. ಬನ್ನಿ, ಚಾ ಕುಡಿಯುವ.”

ಚಹಾ ಕುಡಿದೆವು. ಮೂಡುಬಿದಿರೆಯ ಬಸದಿಯಲ್ಲಿ ಶಾಸನಗಳ ಎದುರು ನಿಂತಾಗ ಅಲ್ಲಿ ದಾನ ಕೊಟ್ಟವರ ಹೆಸರುಗಳನ್ನು ಮಾತ್ರ ಭಕ್ತಿಯಿಂದ ಕೇಳಿ ತಿಳಿದಿದ್ದೆ. ಕಂಬಗಳನ್ನು ನೆಟ್ಟಗೆ ನಿಲ್ಲಿಸಿದವರ ಹೆಸರೇನಿರಬಹುದು ಎಂಬ ಪ್ರಶ್ನೆ ಅಲ್ಲಿ ಹುಟ್ಟಲಿಲ್ಲ. ಟೈಲರ್ ಅಂಗಡಿಯ ಬೆಂಚಿನ ಮೇಲೆ ಹುಟ್ಟಿತು. ನಮ್ಮ ಕಚೇರಿಯಲ್ಲೂ ಸದಾ ರಜೆಯಲ್ಲಿರುವವರ ಕಡತವೇ ದಪ್ಪ. ದಿನವೂ ಬಂದು ಬಾಗಿಲು ತೆರೆಯುವವರ ಕಡತ ಕಪಾಟಿನಲ್ಲಿ ನಿಲ್ಲಲಾರದೆ ಮಗುಚಿ ಬೀಳುತ್ತದೆ.

ಫಲಕದ ಅನಾವರಣ ಆದಿತ್ಯವಾರಕ್ಕೆ ನಿಗದಿಯಾಗಿತ್ತು. ಶುಕ್ರವಾರ ಮಧ್ಯಾಹ್ನ ಪೊರ್ಬುಗಳು ಪಂಚಾಯತ್ ಕಚೇರಿಗೆ ಬಂದು, ನಾಲ್ಕು ಮಡಿಕೆಯ ಕಾಗದವೊಂದನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು. ಅಳತೆ ಪುಸ್ತಕದಿಂದ ಹರಿದ ಹಾಳೆ; ಹಿಂಬದಿಯಲ್ಲಿ ಯಾರದೋ ಸೊಂಟದ ಸುತ್ತಳತೆ ಮೂವತ್ತೆಂಟು. ಮುಂಬದಿಯಲ್ಲಿ ಹೀಗಿತ್ತು:

‘ಸೆಕ್ರೆಟ್ರಿಯವರಿಗೆ. ಆದಿತ್ಯವಾರದ ಕಾರ್ಯಕ್ರಮಕ್ಕೆ ನನಗೆ ಬರಲಿಕ್ಕೆ ಆಗುವುದಿಲ್ಲ. ಕಾರಣ, ಬೋರ್ಡಿನಲ್ಲಿ ನನ್ನ ಹೆಸರು ಇಲ್ಲ. ದಯವಿಟ್ಟು ರಜೆ ಕೊಡಬೇಕು. ಇತಿ, ಸಂತಾನ್, ಲೆಫ್ಟ್ ಬ್ಯಾಕ್.’

ಮೊದಲ ಓದಿಗೆ ಕಣ್ಣು ಮಂಜಾಯಿತು. ಎರಡನೆಯ ಓದಿಗೆ ಗುಮಾಸ್ತನು ಎಚ್ಚರಗೊಂಡನು. ನನ್ನ ಕೈಯಲ್ಲಿದ್ದದ್ದು ಆಟಗಾರನೊಬ್ಬನು ಸಹಿ ಹಾಕಿ, ಕಾರಣ ತಿಳಿಸಿ, ಶನಿವಾರ ಸಂಜೆಗೆ ಮೊದಲೇ ಸಲ್ಲಿಸಿದ ರಜಾ ಅರ್ಜಿ. ಅದಕ್ಕೆ ಕ್ರಮಸಂಖ್ಯೆ ಕೊಟ್ಟು, ಕಡತಕ್ಕೆ ಸೇರಿಸಿ, ಕಡತವನ್ನು ಕಂಕುಳಲ್ಲಿ ಹಿಡಿದು ಹೋಟೆಲಿಗೆ ನಡೆದೆ. ನಡೆದೆನೆನ್ನುವುದು ಗೌರವಕ್ಕಾಗಿ, ಓಡಿದೆ.

ಶೆಟ್ಟರು ಕನ್ನಡಕವೇರಿಸಿ ಓದಿದರು. “ಇದು ಈಗ ಬರೆದದ್ದಲ್ಲವಾ?”

“ನಿರ್ಣಯದಲ್ಲಿ ದಿನಾಂಕದ ಬಗ್ಗೆ ಏನೂ ಹೇಳಿಲ್ಲ ಶೆಟ್ರೇ.”

“ನಾಳೆ ಬಾಲ್ ಹೆಕ್ಕಿದವರೂ ಒಂದೊಂದು ಅರ್ಜಿ ಹಿಡ್ಕೊಂಡು ಬಂದರೆ?”

ಆಗ ನಾನು ಕಡತದಲ್ಲಿ ಹಿಂದಕ್ಕೆ ಹೋಗಿ ಒಂದು ಹಾಳೆಯನ್ನು ತೆರೆದು ಅವರ ಮುಂದಿಟ್ಟೆ. ‘ಹೊಟ್ಟೆನೋವು ಇರುವುದರಿಂದ.’ ಸಹಿ, ಕೆ. ಸದಾನಂದ ಶೆಟ್ಟಿ, ರೈಟ್ ಬ್ಯಾಕ್. ಎದುರು ತಂಡದಲ್ಲಿ ಆ ದಿನ ಆರಡಿ ಎತ್ತರದ ಆಸಾಮಿಯೊಬ್ಬ ಇದ್ದನೆಂಬುದು ಅರ್ಜಿಯಲ್ಲಿಲ್ಲ, ಊರಿನ ನೆನಪಿನಲ್ಲುಂಟು.

“ಆ ದಿನ ನಿಮ್ಮ ಜಾಗದಲ್ಲಿ ಆಡಿದ್ದು ಯಾರು ಶೆಟ್ರೇ?”

ಶೆಟ್ಟರು ಗಲ್ಲೆಯ ಗಾಜನ್ನು ಒರೆಸತೊಡಗಿದರು. “ಪೊರ್ಬುಗಳೇ. ಎಡಕ್ಕೂ ಅವರೇ, ಬಲಕ್ಕೂ ಅವರೇ. ಮರುದಿನ ನನ್ನ ಪ್ಯಾಂಟ್ ಹೊಲಿದು ಕೊಡುವಾಗ, ಹೊಟ್ಟೆ ಹೇಗುಂಟು ಅಂತ ಮಾತ್ರ ಕೇಳಿದ್ರು.” ಮತ್ತೆ ಹೇಳಿದರು, “ಬರೆಸು. ಬಾಲ್ ಹೆಕ್ಕಿದವರು ಬಂದರೆ ನಾನು ನೋಡ್ಕೊಳ್ತೇನೆ.”

ಪೈಂಟರನನ್ನು ಹುಡುಕಿ ಕರೆತಂದೆ. ಫಲಕ ತುಂಬಿಹೋಗಿತ್ತು. ಕೆಳಗೆ, ಎಡಗಡೆಯ ಮೂಲೆಯಲ್ಲಿ ತನ್ನ ಸಹಿಗೆಂದು ಅವನು ಉಳಿಸಿಕೊಂಡಿದ್ದ ಸ್ವಲ್ಪ ಜಾಗವೊಂದೇ ಬಾಕಿ. ಅದನ್ನು ಬಿಟ್ಟುಕೊಟ್ಟ.

ಇನ್ನು ಅರ್ಜಿಗೆ ಉತ್ತರವಾಗಬೇಕಿತ್ತು. ಸಂಘದ ಚರಿತ್ರೆಯಲ್ಲಿ ಇಂದಿನವರೆಗೆ ಯಾವ ಅರ್ಜಿಯೂ ತಿರಸ್ಕೃತವಾಗಿರಲಿಲ್ಲ. ಬೂಟನ್ನು ತಮ್ಮ ಒಯ್ದದ್ದಕ್ಕೂ ಹೆಗ್ಡೆಯವರು ಮಂಜೂರಾತಿ ಕೊಟ್ಟಿದ್ದರು. ನಾಲ್ಕು ಸಲ ಕರಡು ಬರೆದು, ಐದನೆಯದನ್ನು ಶನಿವಾರ ಪೊರ್ಬುಗಳ ಅಂಗಡಿಯ ಬಾಗಿಲ ಸಂದಿಯಲ್ಲಿ ಹಾಕಿದೆ: ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ತಾವು ತಿಳಿಸಿರುವ ಕಾರಣವು ಈಗ ಉಳಿದಿಲ್ಲವಾದ್ದರಿಂದ ರಜೆಯನ್ನು ಮಂಜೂರು ಮಾಡಲಾಗುವುದಿಲ್ಲ. ಹಾಜರಾಗತಕ್ಕದ್ದು.’ ಹಾಕಿದ ಮೇಲೆ ಭಾಷೆ ತೀರ ಬಿರುಸಾಯಿತೋ ಎಂದು ಭಯವಾಯಿತು. ಹಿಂದಕ್ಕೆ ಪಡೆಯೋಣವೆಂದು ಬೆರಳು ತೂರಿಸಿ ನೋಡಿದೆ. ಕಾಗದ ಒಳಕ್ಕೆ ಜಾರಿತ್ತು.

ಆದಿತ್ಯವಾರ ಹೆಗ್ಡೆಯವರ ಗೌರವಾರ್ಥ ಕಾರ್ಯಕ್ರಮವನ್ನು ಸೂರ್ಯಾಸ್ತಕ್ಕೆ ಮುನ್ನ ಮುಗಿಸಬೇಕೆಂದಿತ್ತು. ಪರದೆ ಸರಿಯಿತು, ಚಪ್ಪಾಳೆಯಾಯಿತು, ಶೆಟ್ಟರ ಭಾಷಣವೂ ಆಯಿತು. ನಾನು ಬಾಗಿಲಿಗೂ ಗೋಡೆಗೂ ನಡುವೆ ಅಲೆಯುತ್ತಿದ್ದೆ. ವಂದನಾರ್ಪಣೆ ನನ್ನದು. ಅದನ್ನು ಸಾಧ್ಯವಾದಷ್ಟು ಎಳೆದೆ. ಮೈಕಿನವನಿಗೂ ವಿದ್ಯುತ್ತಿಗೂ ಕೃತಜ್ಞತೆ ಸಲ್ಲಿಸಿದೆ. ಇನ್ನು ವಂದಿಸಲು ಯಾರೂ ಉಳಿದಿಲ್ಲವೆನ್ನುವಾಗ ಬಾಗಿಲಲ್ಲಿ ಪೊರ್ಬುಗಳು ಕಾಣಿಸಿಕೊಂಡರು. ಕೊರಳಿನಲ್ಲಿ ಟೇಪು.

ನೆಟ್ಟಗೆ ಫಲಕದ ಬಳಿಗೆ ಹೋಗಿ, ಕಷ್ಟಪಟ್ಟು ಮೊಣಕಾಲೂರಿ, ಕೊರಳಿನ ಟೇಪು ತೆಗೆದು ತಮ್ಮ ಹೆಸರಿನ ಅಕ್ಷರವನ್ನು ಅಳೆದರು. ಆಮೇಲೆ ಮೇಲಿನ ಹೆಸರನ್ನು ಅಳೆದರು. “ಉಳಿದವರದ್ದು ಎರಡು ಇಂಚು. ನನ್ನದು ಒಂದೂವರೆ.”

ನಾನು ಬೆವರತೊಡಗಿದೆ. “ಜಾಗದ ಅಭಾವದಿಂದ, ಪೊರ್ಬುಗಳೇ… ಮೂಲೆಯಲ್ಲಿ ಮಾತ್ರ ಉಳಿದಿತ್ತು. ತಮಗೆ ಆದ ತೊಂದರೆಗೆ…”

“ಮೂಲೆಯೇ ಸರಿ.” ಅವರು ನನ್ನ ಭುಜ ಹಿಡಿದು ಎದ್ದರು. “ಎಡಗಡೆ, ಎಲ್ಲರಿಗಿಂತ ಹಿಂದೆ. ಮತ್ತೆ ಇಷ್ಟು ವರ್ಷ ನಾನು ನಿಂತದ್ದು ಎಲ್ಲಿ ಮಾರಾಯ?”

ಹೊರಗೆ ಇನ್ನೂ ಬೆಳಕಿತ್ತು. ಪೊರ್ಬುಗಳು ಶೆಟ್ಟರ ಹೊಟ್ಟೆಯನ್ನು ವಿಚಾರಿಸುತ್ತಿದ್ದರು. ನಾನು ಕಡತವನ್ನು ಕಟ್ಟುವ ಮೊದಲು ಅವರ ಅರ್ಜಿಯನ್ನು ಇನ್ನೊಮ್ಮೆ ನೋಡಿದೆ. ನಾಮಂಜೂರಾದ್ದರಿಂದ, ದಾಖಲೆಗಳ ಪ್ರಕಾರವೂ, ಅವರು ಇಂದಿನವರೆಗೆ ಒಂದು ದಿನವೂ ರಜೆ ಮಾಡಿದವರಲ್ಲ.