ಮಂಡಕ್ಕಿ ಡಬ್ಬಿಯ ಸದ್ದು

ವಿದ್ಯಾನಗರದಲ್ಲಿ ಮಂಡಕ್ಕಿ ಗಾಡಿಯವನು ಡಬ್ಬಿಯ ಮೇಲೆ ಸೌಟು ಬಡಿದ. ಆ ಸದ್ದಿಗೆ ನಾನು ಚಿಕ್ಕಂದಿನ ಹರಿಹರದ ಅಜ್ಜಿಯ ಹಿತ್ತಲು ಸೇರಿಬಿಟ್ಟೆ.

ಅಲ್ಲಿದ್ದ ಏಳೆಂಟು ಕೋಳಿಗಳಲ್ಲಿ ಕೆಂಚಿಗೆ ಕಣ್ಣು ಕಾಣುತ್ತಿರಲಿಲ್ಲ, ಠೀವಿಗೇನೂ ಕೊರತೆಯಿರಲಿಲ್ಲ. ಉಳಿದವು ಕುಕ್ಕಿ ಓಡಿಸುತ್ತಿದ್ದುದರಿಂದ ಅವಳಿಗೆ ಪ್ರತ್ಯೇಕ ಪಂಕ್ತಿ. ಅಜ್ಜಿ ಮಂಡಕ್ಕಿ ಡಬ್ಬಿ ಬಡಿದು, "ಬಾರವ್ವ ಮಾರಾಣಿ, ಎಲೆ ಹಾಕೀನಿ" ಎಂದರೆ ಸದ್ದು ಹಿಡಿದು ನೆಟ್ಟಗೆ ಬರುತ್ತಿದ್ದಳು.

ಒಂದು ದಿನ ಗೆಳೆಯರೆದುರು ಅವಳ ಜಾಣತನ ಪ್ರದರ್ಶಿಸುವ ಘನಕಾರ್ಯ ಕೈಗೊಂಡೆ. ರಸ್ತೆಯ ಆಚೆ ನಿಂತು ಡಬ್ಬಿ ಬಡಿದೆ. ಕೆಂಚಿ ನಂಬಿ ಬಂದಳು. ಲಾರಿಯೂ ಬಂತು.

ಅಜ್ಜಿ ಬೈಯಲಿಲ್ಲ. "ಕರೆದ್ರೆ ಬರಾದಷ್ಟೇ ಗೊತ್ತಿತ್ತು ಅದಕ್ಕೆ" ಎಂದಳು. ಮರುದಿನದಿಂದ ಡಬ್ಬಿ ಬಡಿಯದೆ ಉಳಿದ ಕೋಳಿಗಳಿಗೆ ಕಾಳು ಎರಚತೊಡಗಿದಳು.

ಗಾಡಿಯವನು ಮತ್ತೆ ಬಡಿದ: "ಬರ್ರಿ ಸಾರ್, ಬಿಸಿ ಮಿರ್ಚಿ ಐತೆ!" ನಾನು ರಸ್ತೆಯ ಆಚೆ ಬದಿ ನೋಡುತ್ತಾ ನಿಂತೆ, ಕೋಳಿ ಏನಾದರೂ ಹೊರಟಿತೇನೋ ಎಂದು.