ತಗಡಿನ ಕೆಳಗೆ ನಾನು ಮುಚ್ಚಿಸಿದ ವಾಯರು

ಆ ಮನೆಗೆ ಬೆಂಕಿ ಬೀಳಲು ಕಾರಣ ನಾನು. ಭೀಮಬಾಯಿ ಅಲ್ಲ. ಇಷ್ಟು ಸಣ್ಣ ಮಾತನ್ನು ಹೇಳದೆ ನಾಲ್ಕು ವರ್ಷ ಈ ಪುಣೆಯಲ್ಲಿ ತಲೆಯೆತ್ತಿ ಓಡಾಡಿದೆ — ಅದೂ ಮರ್ಯಾದಸ್ಥ ಗುತ್ತಿಗೆದಾರ ಎನಿಸಿಕೊಂಡು. ಈಗ ಬರೆಯಲು ಕುಳಿತರೆ ನಾಚಿಕೆಗಿಂತ ಮೊದಲು ಸಿಟ್ಟು ಬರುತ್ತಿದೆ. ನನ್ನ ಮೇಲೆ, ನನ್ನನ್ನು ಅಷ್ಟು ಸುಲಭವಾಗಿ ನಂಬಿದವರ ಮೇಲೆ.

ಮನೆಯೊಳಗೆ ಬಿಸಿಲಿನ ಕಾವು ನುಗ್ಗದಂತೆ ತಡೆಯುವುದು ನನ್ನ ಕೆಲಸ. ಇಲ್ಲಿನ ಕೊಂಢವಾ ಬಡಾವಣೆಯ ಕಡೆ ಹಳೆಯ ಮನೆಗಳ ಮೇಲೆ ತಗಡು ಹೊದಿಸಿ ಒಂದು ಕೋಣೆ ಏರಿಸಿರುತ್ತಾರೆ. ಬೇಸಿಗೆಯಲ್ಲಿ ಅದು ಕಾದ ಹಂಚು. ಹಗಲೆಲ್ಲ ಏಸಿ ಓಡಿಸಬೇಕು, ಲೈಟ್ ಬಿಲ್ ನೋಡಿ ಹಣೆ ಚಚ್ಚಿಕೊಳ್ಳಬೇಕು. ತಗಡಿಗೂ ಕೆಳಗಿನ ಪ್ಲೈವುಡ್ ಸೀಲಿಂಗಿಗೂ ನಡುವೆ ಒಬ್ಬರು ಹೊಟ್ಟೆಯ ಮೇಲೆ ತೆವಳುವಷ್ಟು ಸಂದು ಇರುತ್ತದೆ. ಅಲ್ಲಿ ಶಾಖ ತಡೆಯುವ ಹಾಳೆ ತುಂಬಿದರೆ ಕೋಣೆ ತಣ್ಣಗಾಗುತ್ತದೆ, ಬಿಲ್ ಇಳಿಯುತ್ತದೆ. ಹೇಳಲು ಇಷ್ಟೇ. ಆದರೆ ಆ ಸಂದಿನೊಳಗೆ ಹೋಗುವವರು ಯಾರು? ನಾನಲ್ಲ.

ಭೀಮಬಾಯಿ ಹೋಗುತ್ತಿದ್ದಳು. ನಮ್ಮ ಯಾದಗಿರಿ ಕಡೆಯ ಹೆಂಗಸು, ನಲವತ್ತು ದಾಟಿದವಳು, ಸಣ್ಣ ಮೈಕಟ್ಟು. ಮೊದಲು ಮರಳು ಹೊರುತ್ತಿದ್ದವಳು ನನ್ನ ಬಳಿ ಬಂದ ಮೇಲೆ ನೋಡಿ ನೋಡಿಯೇ ಈ ಕೆಲಸ ಕಲಿತಳು. ಬಾಯಿಗೆ ಸೆರಗು ಕಟ್ಟಿಕೊಂಡು, ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಕಿ, ಮೊಣಕೈ ಊರಿ ಒಳಗೆ ತೆವಳುವಳು. ತಗಡಿನ ಏರಿಳಿತಕ್ಕೆ ಸರಿಯಾಗಿ ಹಾಳೆಯ ಅಂಚು ಕೊರೆದು ಕೂಡಿಸಿದರೆ ಬೆರಳು ತೂರುವಷ್ಟೂ ಸಂದು ಉಳಿಯುತ್ತಿರಲಿಲ್ಲ. ಗಿರಾಕಿಗಳು ಹೊಗಳುವುದು ಮಾತ್ರ ನನ್ನನ್ನು. ನಾನು ಹೊಗಳಿಸಿಕೊಳ್ಳುತ್ತಿದ್ದೆ.

ರಾಯರ ಮನೆಯ ಕೆಲಸ ಬಂದದ್ದು ಒಂದು ಏಪ್ರಿಲ್‌ನಲ್ಲಿ. ಕರಾವಳಿಯವರು; ಕೆಳಗೆ ಸಣ್ಣ ಹೋಟೆಲು, ಮೇಲಿನ ತಗಡಿನ ಕೋಣೆಯಲ್ಲಿ ಅವರ ವಯಸ್ಸಾದ ತಾಯಿ. ನನ್ನ ಬಳಿ ಇದ್ದದ್ದು ಥರ್ಮಕೋಲ್ ಹಾಳೆ. ಅದು ಬೇಗ ಬೆಂಕಿ ಹತ್ತುವ ವಸ್ತು ಎಂದು ನನಗೆ ಗೊತ್ತಿತ್ತು. ರಾಯರಿಗೆ ಗೊತ್ತಿರಲಿಲ್ಲ — ನಾನು ಹೇಳಲೂ ಇಲ್ಲ. ಇದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಎರಡನೆಯ ದಿನ ಮಧ್ಯಾಹ್ನ ಸಂದಿನೊಳಗಿನಿಂದ ಭೀಮಬಾಯಿ ಕೂಗಿದಳು.

"ಅಣ್ಣಾರ, ಇಲ್ಲೊಂದು ವಾಯರಿನ ಗಂಟು ಭಾಳ ಬಿಸಿ ಅದರಿ. ಕೈ ಇಡ್ಲಿಕ್ಕಿ ಬರವಲ್ದು. ಇದರ ಮ್ಯಾಲ ಹಾಳಿ ಹಾಕೋದು ಬ್ಯಾಡ. ಮೊದಲ ವಾಯರಮನ್‌ಗ ಕರಸ್ರಿ."

ಕರೆಂಟಿನ ಕೆಲಸದ ವಾಯರಮನ್ ಸಿಗುವುದು ಎರಡು ದಿನ ಬಿಟ್ಟು. ಮರುದಿನ ಬೆಳಿಗ್ಗೆ ನಾನು ಪುಣೆಯ ಹೊರಗಿನ ಶಿರೂರಿನಲ್ಲಿ ದೊಡ್ಡ ಗೋದಾಮೊಂದರ ಕೆಲಸ ಹಿಡಿಯಬೇಕಿತ್ತು, ತಡವಾದರೆ ಅದು ಬೇರೆಯವರ ಪಾಲು. ಏಣಿಯ ಕೆಳಗೆ ನೆರಳಿನಲ್ಲಿ ನಿಂತು ನಾನು ಹೇಳಿದೆ:

"ತಗಡ ಕಾದದ, ಅದಕ್ಕ ವಾಯರೂ ಕಾದದ. ಸುಮ್ಮ ಮುಚ್ಚಿ ಕೆಳಗ ಇಳಿ."

ಆಕೆ ಇನ್ನೊಮ್ಮೆ ಹೇಳಿದಳು. ನಾನು ದನಿ ಏರಿಸಿದೆ. ಆಕೆ ಮುಚ್ಚಿದಳು.

ಕೋಣೆ ತಣ್ಣಗಾಯಿತು. ಮುಂದಿನ ತಿಂಗಳ ಬಿಲ್ ಇಳಿಯಿತೆಂದು ರಾಯರು ಫೋನ್ ಮಾಡಿ ಹೇಳಿದರು, ಇನ್ನೂ ಇಬ್ಬರಿಗೆ ನನ್ನ ಹೆಸರು ಕೊಟ್ಟರು. ಅದಾದ ಕೆಲವೇ ದಿನಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಸೀಲಿಂಗಿನಿಂದ ಕಪ್ಪು ಹೊಗೆ ಬಂತು. ಅಜ್ಜಿ ಮಲಗಿದ್ದರು. ಥರ್ಮಕೋಲ್ ಉರಿದರೆ ಕರಗಿ ಹನಿಯುತ್ತದೆ, ಹನಿಹನಿಯೂ ಬೆಂಕಿ. ಸೊಸೆ ಓಡಿಬಂದು ಎತ್ತಿಕೊಳ್ಳುವಷ್ಟರಲ್ಲಿ ಆ ಹನಿಗಳು ಅಜ್ಜಿಯ ಬಲಗೈ ಮೇಲೆ ಬಿದ್ದಿದ್ದವು. ಜೀವ ಉಳಿಯಿತು. ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ.

ಸುದ್ದಿ ತಿಳಿದು ನಾನು ಹೋದೆ. ಭೀಮಬಾಯಿ ನನಗಿಂತ ಮೊದಲೇ ಅಲ್ಲಿದ್ದಳು, ಯಾರೂ ಕರೆಯದಿದ್ದರೂ ಬಂದು ಸುಟ್ಟ ಪ್ಲೈವುಡ್ ತುಂಡುಗಳನ್ನು ಹೊರಗೆ ಸಾಗಿಸುತ್ತಿದ್ದಳು. ಓಣಿಯ ಜನ ಸೇರಿದ್ದರು. ಕರಗಿದ ವಾಯರಿನ ಗಂಟು ತೋರಿಸಿ ರಾಯರು ಕೇಳಿದರು, "ಈ ವಾಯರಿನ ಮೇಲೆ ಯಾರು ಮಾರಾಯ್ರೆ ಹಾಳೆ ಮುಚ್ಚಿದ್ದು?"

ಒಂದು ಕ್ಷಣ. ನಿಜ ಹೇಳಲು ಅಷ್ಟು ಹೊತ್ತು ಸಾಕಾಗಿತ್ತು.

"ವಾಯರ್ ಬಿಟ್ಟು ಹಾಕಂತ ನಾ ಹೇಳಿದ್ದೆರೀ," ಎಂದೆ. "ಆಕೀನೇ ಕೇಳಲಿಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ಸುತ್ತ ನಿಂತವರಿಗೆ ತಿಳಿಯಲೆಂದು ಅದನ್ನೇ ಮರಾಠಿಯಲ್ಲೂ ಹೇಳಿದೆ.

ಭೀಮಬಾಯಿ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು. "ಅಣ್ಣಾರ, ಏನ್ ಹೇಳ್ಲಿಕತ್ತೀರಿ?" ಎಂದಳು. ಅಷ್ಟೇ. ಅವಳನ್ನು ಮುಂದೆ ಮಾತಾಡಲು ಯಾರೂ ಬಿಡಲಿಲ್ಲ. ಒಬ್ಬರೂ — ಒಬ್ಬರೂ — ಆಕೆಯನ್ನು ಏನಾಯಿತೆಂದು ಕೇಳಲಿಲ್ಲ! ಇಸ್ತ್ರಿ ಅಂಗಿಯವನ ಮಾತು ಸಾಕಾಯಿತು ಅವರಿಗೆ. ಮಸಿ ಮೆತ್ತಿದ ಸೀರೆಯವಳು ತಪ್ಪು ಮಾಡಿಯೇ ಇರುತ್ತಾಳೆ, ಅಲ್ಲವೇ?

ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಕಾಯುವ ನಾಕಾದಲ್ಲಿ ಆಕೆಗೆ 'ಬೆಂಕಿ ಬಾಯಿ' ಎಂದು ಹೆಸರಾಯಿತು. ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕೊನೆಗೆ ಕಾತ್ರಜ ಬಡಾವಣೆಯ ಒಂದು ಖಾನಾವಳಿಯಲ್ಲಿ ಪಾತ್ರೆ ತೊಳೆಯಲು ಸೇರಿದಳೆಂದು ಕೇಳಿದೆ. ಕೇಳಿ... ಸಮಾಧಾನಪಟ್ಟೆ. ಕಣ್ಣಿಗೆ ಬೀಳುವುದಿಲ್ಲವಲ್ಲ ಎಂದು.

ಈ ಬೇಸಿಗೆಯಲ್ಲಿ ಅದೇ ನಾಕಾದಲ್ಲಿ ನಮ್ಮ ಕಡೆಯವನೇ ಇನ್ನೊಬ್ಬ ಗುತ್ತಿಗೆದಾರ, ಕೆಲಸ ಕೇಳಿ ಬಂದ ಹೆಂಗಸರಿಗೆ ಹೇಳುತ್ತಿದ್ದ: "ಹೆಣ್ಮಕ್ಕಳಿಗಿ ಮ್ಯಾಲ ಹತ್ತಸಂಗಿಲ್ಲ. ಆ ಭೀಮಬಾಯಿ ಮನೀಗಿ ಬೆಂಕಿ ಹಚ್ಚಿದ್ದು ಗೊತ್ತಿಲ್ಲೇನು?" ನನಗೆ ಮೈಯೆಲ್ಲ ಉರಿಯಿತು. ಆಕೆಯ ಕೈಯ ಹದ ಇವನಿಗೇನು ಗೊತ್ತು ಎಂದು ಕೊರಳಪಟ್ಟಿ ಹಿಡಿಯಲು ಹೊರಟವನು ಅಲ್ಲೇ ನಿಂತೆ. ಅವನು ಆಡಿದ್ದು ನನ್ನದೇ ಮಾತು. ಒಬ್ಬಳ ಮೇಲೆ ಹೊರಿಸಿದ್ದು ಈಗ ಅಷ್ಟೂ ಹೆಂಗಸರ ಕೆಲಸ ಕಸಿದುಕೊಂಡಿತ್ತು.

ಆ ದಿನವೇ ಕಾತ್ರಜಕ್ಕೆ ಹೋದೆ. ಖಾನಾವಳಿಯ ಹಿಂದೆ ಕುಳಿತು ಪಾತ್ರೆ ಉಜ್ಜುತ್ತಿದ್ದ ಭೀಮಬಾಯಿಯ ಮುಂದೆ ನಿಂತು ತಪ್ಪಾಯಿತೆಂದೆ. ಆಕೆ ಕೈ ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳ್ತೀರಿ? ನನಗ ಮೊದಲೇ ಗೊತ್ತದಲ್ಲ. ಗೊತ್ತಿಲ್ಲದವರಿಗಿ ಹೋಗಿ ಹೇಳ್ರಿ."

ಹೋದೆ. ರಾಯರು ಎಲ್ಲವನ್ನೂ ಕೇಳಿ, "ಅದು ಮುಗಿದ ಕತೆ ಅಲ್ವಾ? ಈಗ ಯಾಕೆ ಅದನ್ನೆಲ್ಲ ಕೆದಕುದು?" ಎಂದರು. ಮುಗಿದ ಕತೆಯಂತೆ! ಯಾರಿಗೆ ಮುಗಿದದ್ದು? ಒಳಗಿನಿಂದ ಅಜ್ಜಿ ಎದ್ದು ಬಂದರು. ಮಡಚಿದ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು.

"ನಾಲ್ಕು ವರ್ಷದಿಂದ ದಿನಾ ದೇವರ ಮುಂದೆ ಕೂತು ಆ ಹೆಂಗಸಿಗೆ ಶಾಪ ಹಾಕಿದ್ದೇನೆ," ಎಂದರು. "ನನ್ನ ಬಾಯಲ್ಲಿ ಅದನ್ನೆಲ್ಲ ಹೇಳಿಸಿದ್ರಲ್ಲ ನೀವು."

 

ಮರುದಿನ ನಾಕಾದಲ್ಲಿ ಜನ ತುಂಬಿದ್ದಾಗ ನಿಂತು ಹೇಳಿದೆ. ಕೆಲವರು ನಕ್ಕರು. ಆ ಗುತ್ತಿಗೆದಾರ, "ನಿನ್ನ ಧಂದೆ ನೀನೇ ಕೆಡಿಸ್ಕೊಳ್ಲಿಕತ್ತಿ," ಎಂದ. ಒಬ್ಬ ಹೆಂಗಸು ಮಾತ್ರ ಮುಂದೆ ಬಂದು, "ಮತ್ತೊಮ್ಮೆ ಹೇಳ್ರಿ, ಅವರಿಗೂ ಕೇಳ್ಲಿ," ಎಂದಳು. ಮತ್ತೊಮ್ಮೆ ಹೇಳಿದೆ. ಅಂದಿನಿಂದ ವಾರಕ್ಕೊಂದು ಬೆಳಿಗ್ಗೆ ಹೋಗಿ, ಹೊಸ ಮುಖಗಳಿಗೆ ಮತ್ತೆ ಹೇಳುತ್ತೇನೆ.

ಕೆಲಸಕ್ಕೆ ಮರಳಿ ಬಾ ಎಂದು ಭೀಮಬಾಯಿಗೆ ಹೇಳಿ ಕಳಿಸಿದ್ದೆ. ಬಂದಳು — ನನ್ನ ಬಳಿಗಲ್ಲ, ಬೇರೆ ತಂಡಕ್ಕೆ. ನಾಕಾದಲ್ಲಿ ಎದುರಾಗುತ್ತಾಳೆ, ಮಾತಾಡಿಸುವುದಿಲ್ಲ. ಮಾತಾಡಿಸಬೇಕೆಂದು ಕೇಳುವ ಹಕ್ಕು ನನಗಿಲ್ಲ.