ಅಮೆರಿಕಾದ ಕಾಗದ, ಕಮಲಾಪುರದ ಫೈಲು

ಕಾಗದವೇ ನಾಗರಿಕತೆಯ ತಳಹದಿ. ರಾಜ್ಯಗಳು ಅಳಿಯುತ್ತವೆ, ಅಧಿಕಾರಿಗಳು ವರ್ಗವಾಗುತ್ತಾರೆ, ಕಾಗದ ಮಾತ್ರ ಇಟ್ಟ ಜಾಗದಲ್ಲೇ ಇರುತ್ತದೆ. ತಹಸೀಲ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಕೂತು ನಾನು ಕಂಡುಕೊಂಡ ಸತ್ಯ ಇದು. ಹೋದ ಮಳೆಗಾಲದಲ್ಲಿ ಇದು ಸುಳ್ಳೆಂದು ಗೊತ್ತಾಯಿತು. ನಮ್ಮ ಮನೆಯ ಕಪಾಟಿನಲ್ಲೇ ಒಂದು ಕಾಗದ ಇರಲಿಲ್ಲ.

ಕಾಗದ ನನ್ನದಲ್ಲ, ತಂಗಿಯ ಮಗಳು ಭಾಗ್ಯಶ್ರೀಯದು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಅವಳು ಫಿಜಿಯೋಥೆರಪಿ ಮಾಡುತ್ತಾಳೆ. ಬಿದ್ದವರನ್ನು ನಿಲ್ಲಿಸುವುದು, ನಿಂತವರನ್ನು ನಡೆಸುವುದು ಅವಳ ಕೆಲಸ. ಐದು ವರ್ಷದ ಹಿಂದೆ ಅಮೆರಿಕಾದ ಲೈಸೆನ್ಸ್ ಪರೀಕ್ಷೆ ಪಾಸಾದಳು. ಅಲ್ಲಿನ ಕಂಪನಿಯೊಂದು ಅವಳ ಹೆಸರಲ್ಲಿ ಅರ್ಜಿ ಹಾಕಿತು, ಕೆಲಸದ ವೀಸಾಕ್ಕೆ ಸರಕಾರದ ಅಪ್ರೂವಲ್ ಕೂಡ ಬಂತು. ಆದರೆ ಅದು ಕೊರೊನಾ ಕಾಲ. ವೀಸಾ ಆಫೀಸು ಮುಚ್ಚಿತ್ತು. ಅದು ತೆರೆಯುವ ಹೊತ್ತಿಗೆ ನನ್ನ ತಂಗಿ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಮಗಳು ಎಂಟು ತಿಂಗಳು ಕೈಹಿಡಿದು ತಾಯಿಯನ್ನು ನಡೆಸಿದಳು. ತಾಯಿ ನಡೆಯತೊಡಗಿದಾಗ ಅತ್ತ ಕಂಪನಿ ಬಾಗಿಲು ಹಾಕಿತು. ಅಲ್ಲಿಗೆ ಅಮೆರಿಕಾ ಮುಗಿಯಿತು ಎಂದುಕೊಂಡೆವು.

ಈ ವರ್ಷ ಅಲ್ಲಿನ ಒಂದು ಆಸ್ಪತ್ರೆ ಅವಳನ್ನು ಕರೆಯಿತು. ತೊಡಕು ಏನೆಂದರೆ, ಈ ವೀಸಾಕ್ಕೆ ವರ್ಷಕ್ಕಿಷ್ಟೇ ಎಂಬ ಕೋಟಾ ಉಂಟು. ಬೇಕೆನ್ನುವವರು ಅದಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಲಾಟರಿ ಎತ್ತುತ್ತಾರೆ. ಈ ವರ್ಷದ ಲಾಟರಿ ಆಗಿಹೋಗಿತ್ತು.

ಆದರೆ ಆಸ್ಪತ್ರೆಯ ವಕೀಲ ಒಂದು ದಾರಿ ಹೇಳಿದ. ಒಮ್ಮೆ ಕೋಟಾದ ಲೆಕ್ಕಕ್ಕೆ ಬಂದ ಹೆಸರನ್ನು ಆರು ವರ್ಷ ಮತ್ತೆ ಎಣಿಸುವುದಿಲ್ಲವಂತೆ. ಆ ಅಪ್ರೂವಲ್ ಬಳಸದೇ ಇದ್ದರೂ ಪರವಾಗಿಲ್ಲ. ಹಳೆಯದನ್ನು ತೋರಿಸಿ ಹೊಸ ಅರ್ಜಿ ಹಾಕಬಹುದು, ಲಾಟರಿ ಬೇಕಿಲ್ಲ.

ಇದೆಂಥ ನ್ಯಾಯ ಎನ್ನುತ್ತೀರಾ? ನಾವು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗಿಂದ ಸೀಟಿಗೆ ಟವೆಲ್ ಹಾಕುವುದಿಲ್ಲವೇ? ಅದೇ. ಭಾಗ್ಯಶ್ರೀಯ ಟವೆಲ್ ಐದು ವರ್ಷದಿಂದ ಆ ಸೀಟಿನ ಮೇಲೆ ಬಿದ್ದಿತ್ತು. (ನಮ್ಮ ಬಸ್ಸಿನಲ್ಲಿ ಐದು ನಿಮಿಷವೂ ಉಳಿಯುವುದಿಲ್ಲ. ಅಮೆರಿಕಾ ಮುಂದುವರಿದ ದೇಶ.)

ಟವೆಲ್ ನಮ್ಮದೇ ಎಂದು ತೋರಿಸಲು ಆ ಕಾಗದ ಬೇಕು, ಅದರ ಮೇಲಿನ ನಂಬರ್ ಬೇಕು. ಮೂರು ಇಂಗ್ಲಿಷ್ ಅಕ್ಷರ, ಹತ್ತು ಅಂಕಿ. ಸೋಮವಾರದೊಳಗೆ ಬರದಿದ್ದರೆ ಕೆಲಸ ಇನ್ನೊಬ್ಬರಿಗೆ.

"ಮಾಮಾ, ಒರಿಜಿನಲ್ ನಿಮ್ಮ ಕೈಯಾಗೇ ಕೊಟ್ಟಿದ್ದೆ," ಎಂದಳು. ಅವಳು ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ಹಳೆಯ ಮೊಬೈಲಿನ ಜೊತೆಗೇ ಹೋಗಿತ್ತು.

"ಕೊಟ್ಟೀದಿ. ಕೆಂಪು ಫೈಲಿನ್ಯಾಗ ಅದ," ಎಂದೆ, ಪೂರ್ತಿ ಗಾಂಭೀರ್ಯದಿಂದ.

ಕೆಂಪು ಫೈಲಿನಲ್ಲಿ ಅವಳ ಜಾತಕದ ಮೂರು ಪ್ರತಿ, ಗ್ಯಾಸಿನ ಪುಸ್ತಕ ಮತ್ತು ನಾವು ಎಂದೋ ಮಾರಿದ ಮಿಕ್ಸರಿನ ವಾರಂಟಿ ಕಾರ್ಡು ಇದ್ದವು.

"ಸರಕಾರದ ಕಾಗದ ಹ್ಯಾಂಗ ಕಾಯ್ದೀಯೋ ಅಣ್ಣಾ ಅಷ್ಟು ವರ್ಷ?" ಎಂದಳು ತಂಗಿ. ಉತ್ತರ ಬಯಸಿ ಕೇಳಿದ್ದಲ್ಲ.

ಆಮೇಲೆ ನೆನಪಾಯಿತು. ಆ ವರ್ಷವೇ ಭಾಗ್ಯಶ್ರೀಗೆ ಗಂಡು ನೋಡುತ್ತಿದ್ದೆವು. ಬಯೋಡೇಟಾದ ಜೊತೆ ಜಾತಕ, ಫೋಟೋ, ಮಾರ್ಕ್ಸ್ ಕಾರ್ಡು ಕೊಡುವುದು ನಮ್ಮ ಕಡೆಯ ರೂಢಿ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಅಮೆರಿಕಾದ ಅಪ್ರೂವಲ್ಲನ್ನೂ ಪಿನ್ ಹಾಕಿ ಹಂಚಿದ್ದೆ. ಹುಡುಗಿಯ ಬೆಲೆ ತಿಳಿಯಲಿ ಎಂದು. ಮೂರು ಸೆಟ್ ಝೆರಾಕ್ಸ್ ಮಾಡಿಸಿದೆ. ಒರಿಜಿನಲ್ ಬಹುಶಃ ಮಷೀನಿನ ಮುಚ್ಚಳದ ಕೆಳಗೇ ಉಳಿಯಿತು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಒಂದು ಸೆಟ್ ಪಡೆದಿದ್ದ ಜೇವರ್ಗಿ ಕಾಲೋನಿಯ ಮದುವೆ ದಲ್ಲಾಳಿ ದಂಧೆ ಬಿಟ್ಟು ಎಲ್ಲವನ್ನೂ ರದ್ದಿಗೆ ಹಾಕಿದ್ದರು. ಎರಡನೆಯದನ್ನು ಪಡೆದ ಬ್ರಹ್ಮಪುರದವರು ಪುಣೆಗೆ ಹೋಗಿ ನೆಲೆಸಿದ್ದರು. ಕಾಗದ ಜೊತೆಗೆ ಹೋಯಿತೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಉಳಿದದ್ದು ಕಮಲಾಪುರದ ಗುರುಪಾದಪ್ಪನವರ ಮನೆ.

ಅಲ್ಲಿಗೆ ಮಾತ್ರ ನಾನು ಬರುವುದಿಲ್ಲ ಎಂದೆ. ಕಾರಣವಿತ್ತು.

ಗುರುಪಾದಪ್ಪನವರದು ಕೆಂಪು ಬಾಳೆಯ ತೋಟ. ಮಗನಿಗೆ ಹಾರ್ಡ್‌ವೇರ್ ಅಂಗಡಿ. ಹುಡುಗಿಯನ್ನು ನೋಡಿ ಒಪ್ಪಿದ್ದರು. ನಮ್ಮ ಉತ್ತರ ತಿಳಿಸಲು ಹೋದವನು ನಾನೇ. ಕಟ್ಟೆಯ ಮೇಲೆ ನಿಂತುಕೊಂಡೇ, ಚಹಾಕ್ಕೂ ಕಾಯದೆ, ಹೇಳಿದ್ದೆ: "ಆಕಿ ಅಮೆರಿಕಾಕ್ಕ ಹೊಂಟಾಳ್ರಿ. ಕಮಲಾಪುರದಾಗ ಆಕಿಗೇನು ಕೆಲಸ?"

ಆಕಿ ಹೋಗಲಿಲ್ಲ. ಆ ಸುದ್ದಿ ಕಮಲಾಪುರಕ್ಕೆ ಹೋಯಿತು.

"ನೀವು ಅಂದ ಮಾತಿಗೆ ನಾನ್ಯಾಕ ಕಾಗದ ಕಳ್ಕೋಬೇಕು ಮಾಮಾ?" ಎಂದಳು ಭಾಗ್ಯಶ್ರೀ. ಶನಿವಾರ ಬೆಳಿಗ್ಗೆ ಇಬ್ಬರೂ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ ಹತ್ತಿದೆವು.

ಗುರುಪಾದಪ್ಪ ಪಡಸಾಲೆಯ ಮಂಚದ ಮೇಲೆ ಕೂತಿದ್ದರು.

"ಬರ್ರಿ ರೆಕಾರ್ಡ್ ಸಾಹೇಬ್ರ. ಈ ಸಲ ಕುಂದ್ರತೀರೋ, ನಿಂತೇ ಹೋಗ್ತೀರೋ?"

ಕುಂತೆ.

"ಅಮೆರಿಕಾದಿಂದ ಯಾವಾಗ ಬಂದಿ ತಂಗಿ?"

"ಹೋಗೇ ಇಲ್ರೀ ಕಾಕಾ."

"ಗೊತ್ತದ. ಸುಮ್ನ ಕೇಳ್ದೆ."

ಸೊಸೆ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಚಹಾ ತಂದರು. ಭಾಗ್ಯಶ್ರೀ ಬಂದ ಕಾರಣ ಹೇಳಿದಳು. ಮುಚ್ಚುಮರೆಯಿಲ್ಲದೆ, ಲಾಟರಿಯಿಂದ ಹಿಡಿದು ಸೋಮವಾರದ ತನಕ. ಮುದುಕ ಪೂರ್ತಿ ಕೇಳಿದರು. ನಂತರ ಎದ್ದು ಗೋಡೆಯ ಮೇಲಿನ ಹಲಗೆಗೆ ಬಲಗೈ ಚಾಚಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಖ ಕಿವುಚಿ ಕೈ ಇಳಿಸಿದರು.

"ಎಷ್ಟು ದಿನ ಆತ್ರಿ ಹಿಂಗಾಗಿ?" ಭಾಗ್ಯಶ್ರೀ ಕೇಳಿದಳು.

"ದೀಪಾವಳಿಯಿಂದ. ಅಂಗಿ ತೊಡಾಕೂ ಆಗ್ವಲ್ದು."

"ಸಕ್ಕರಿ ಅದ ಏನ್ರಿ?"

"ಅದ. ಅದೆಂಗ ಗೊತ್ತಾತು ನಿನಗ?"

ಅವಳು ಅವರ ಮೊಣಕೈ ಹಿಡಿದು ಮೆಲ್ಲಗೆ ಹೊರಳಿಸಿ ನೋಡಿದಳು. ಭುಜದ ಕೀಲು ಬಿಗಿದಿದೆ, ಸಕ್ಕರೆ ಇದ್ದವರಿಗೆ ಹೀಗಾಗುವುದುಂಟು ಎಂದಳು. ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಹತ್ತಿಸಲು ಹೇಳಿದಳು. ಬೆರಳು ನಿಂತಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. "ದಿನಾ ಮೂರು ಸಲ ಮಾಡ್ರಿ. ಈ ಗೆರಿ ದಾಟಬೇಕು."

"ಸುಣ್ಣ ಹೊಡೆಸಿ ಎರಡ ತಿಂಗಳ ಆಗೇದ," ಎಂದರು ಗುರುಪಾದಪ್ಪ. ಆದರೆ ಕೈ ತೆಗೆಯಲಿಲ್ಲ.

ಫೈಲನ್ನು ಸೊಸೆಯೇ ಇಳಿಸಿಕೊಟ್ಟರು. ಮಗನಿಗೆಂದು ನೋಡಿದ ಅಷ್ಟೂ ಹುಡುಗಿಯರ ಬಯೋಡೇಟಾ, ಕ್ರಮಸಂಖ್ಯೆ ಹಾಕಿ, ದಾರ ಕಟ್ಟಿ, ಒಂದೊಂದರ ಮೇಲೂ ಕೆಂಪು ಶಾಯಿಯಲ್ಲಿ ಷರಾ. ಇಂಥ ಶಿಸ್ತು ನನ್ನ ರೆಕಾರ್ಡ್ ರೂಮಿನಲ್ಲೂ ಇರಲಿಲ್ಲ. (ಸೊಸೆಯದು ಹನ್ನೊಂದನೆಯ ನಂಬರ್. ಷರಾ: "ಮಾತು ಕಮ್ಮಿ." ಆಕೆ ಅದನ್ನು ಓದಿ ನಕ್ಕರು.)

ನಮ್ಮದು ಏಳನೆಯದು. ಅಪ್ರೂವಲ್ಲಿನ ಪ್ರತಿ ಅಲ್ಲೇ ಇತ್ತು. ಹದಿಮೂರೂ ಅಕ್ಷರ ಸ್ಪಷ್ಟ. ಅದರ ಪಕ್ಕಕ್ಕೇ, ನಂಬರಿಗೆ ತಾಗುವ ಹಾಗೆ, ಕೆಂಪು ಶಾಯಿ: "ಹುಡುಗಿಯ ಸೋದರಮಾವ ಅಂದಿದ್ದು: ಕಮಲಾಪುರದಾಗ ಆಕಿಗೇನು ಕೆಲಸ?"

ನಾನು ಓದುವುದನ್ನು ಅವರು ನೋಡುತ್ತಿದ್ದರು.

"ಮರೀಬಾರದು ಅಂತ ಬರ್ದಿಟ್ಟಿದ್ದೆ," ಎಂದರು. "ತಗೊಂಡು ಹೋಗ್ರಿ. ಆದ್ರ ರಸೀದಿ ಬರ್ದು ಕೊಡ್ರಿ. ಫೈಲಿನ್ಯಾಗ ಏಳನೇ ನಂಬರ್ ಖಾಲಿ ಇರಬಾರದು."

ಬರೆದುಕೊಟ್ಟೆ. ದಿನಾಂಕ, ಸಹಿ, ವಾಪಸು ಕೊಡುವ ಭರವಸೆ ಸಹಿತ.

ಆ ರಾತ್ರಿಯೇ ಸ್ಕ್ಯಾನ್ ಹೋಯಿತು, ಭಾನುವಾರ ವಕೀಲನ ಉತ್ತರ ಬಂತು. ನಂಬರ್ ಸರಿಯಿದೆ. ಆದರೆ ಸರಕಾರಿ ಕಾಗದದ ಮೇಲೆ ಗೊತ್ತಿಲ್ಲದ ಲಿಪಿಯಲ್ಲಿ ಕೈಬರಹವಿದೆ. ಅದರ ಅನುವಾದ ಬೇಕು, ಯಾರು ಯಾವ ಸಂದರ್ಭದಲ್ಲಿ ಬರೆದರೆಂಬ ಪ್ರಮಾಣಪತ್ರವೂ ಬೇಕು. (ಅಂಚು ಕತ್ತರಿಸಿ ಕಳಿಸಬಹುದಿತ್ತಲ್ಲ ಎನ್ನಬೇಡಿ. ಮೂವತ್ತೊಂದು ವರ್ಷ ರೆಕಾರ್ಡ್ ಕಾಯ್ದವನಿಗೆ ಹೇಳುವ ಮಾತೇ ಅದು?)

ಹೀಗಾಗಿ ಸೋಮವಾರ ಬೆಳಿಗ್ಗೆ ಕೋರ್ಟಿನ ಆವರಣದಲ್ಲಿ ಸ್ಟ್ಯಾಂಪ್ ಪೇಪರಿನ ಮೇಲೆ ನಾನು ಪ್ರಮಾಣ ಮಾಡಿ ಹೇಳಿದ್ದೇನೆಂದರೆ: ಸದರಿ ಮಾತು ಮದುವೆಯ ಮಾತುಕತೆಗೆ ಸಂಬಂಧಿಸಿದ್ದು, ಬರೆದಿಟ್ಟವರು ಹುಡುಗನ ತಂದೆ, ಆಡಿದವನು ನಾನೇ, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ. ನಾವು ದಿನಕ್ಕೆ ಎಷ್ಟು ಮಾತು ಆಡುತ್ತೇವೆ? ಅದರಲ್ಲಿ ಎಷ್ಟನ್ನು ಸ್ಟ್ಯಾಂಪ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಬಲ್ಲೆವು?

ನೋಟರಿ ಓದಿ ಕನ್ನಡಕದ ಮೇಲಿಂದ ನೋಡಿದರು.

"ಖರೇ ಅಂದೀರೇನ್ರಿ?"

"ಅಂದೀನ್ರಿ."

"ಯಾಕ್ರಿ?"

ಅದಕ್ಕೆ ಪ್ರಮಾಣಪತ್ರದಲ್ಲಿ ಕಾಲಂ ಇರಲಿಲ್ಲ. ಅವರು ಠಸ್ಸೆ ಒತ್ತಿದರು.

ಮುಂದಿನದು ಸಂಕ್ಷೇಪವಾಗಿ. ಕಾಗದವನ್ನು ಕಮಲಾಪುರಕ್ಕೆ ವಾಪಸು ಮುಟ್ಟಿಸಿ ರಸೀದಿ ಹಿಂದಕ್ಕೆ ಪಡೆದೆ. ಆವತ್ತು ಆ ಪಡಸಾಲೆಯಲ್ಲಿ ಮೊಣಕಾಲು ನೋವಿನ ನಾಲ್ವರು ಭಾಗ್ಯಶ್ರೀಗಾಗಿ ಕಾಯುತ್ತಿದ್ದರು. ಈಗ ಭಾನುವಾರಗಳಂದು ಅವಳು ಅಲ್ಲಿಗೆ ಹೋಗುತ್ತಾಳೆ. ಹೋದ ವಾರ ಲಾಟರಿ ಇಲ್ಲದೆಯೇ ಹೊಸ ಅಪ್ರೂವಲ್ ಬಂತು. ಒರಿಜಿನಲ್ಲನ್ನು ಅವಳು ನನ್ನ ಕೈಗೆ ಕೊಡಲಿಲ್ಲ.

ವೀಸಾ ಸಂದರ್ಶನದ ದಿನ ಇನ್ನೂ ಸಿಕ್ಕಿಲ್ಲ. ಗುರುಪಾದಪ್ಪನವರ ಗೋಡೆಯ ಗೆರೆ ಒಂದು ಗೇಣು ಮೇಲೆ ಹೋಗಿದೆ.